ಕಾರಿನ ಕ್ರೂಸ್ ಕಂಟ್ರೋಲೂ ಟ್ರಾಕ್ಟರಿನ ಗವರ್ನರೂ

ಹೊಸಕೋಟೆ, ಮಾಲೂರು, ಕೋಲಾರಗಳ ಕಡೆಯ ಬೇಸಾಯಗಾರರಿಗೆ ಹಳೆಯ ಮದರಾಸು ರಸ್ತೆಯು ಹೊಸದಲ್ಲ. ತರಕಾರಿ, ಸೊಪ್ಪು, ಹೂವುಗಳನ್ನು ತುಂಬಿಕೊಂಡು ಕೃಷ್ಣರಾಜಪುರವನ್ನು ದಾಟಿ, ಹಲಸೂರಿನ ಮಾರ್ಗವಾಗಿ ಬೆಂಗಳೂರು ದಂಡನ್ನು ಸೇರಿ, ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಲ್ಲಿ ಸರಕನ್ನಿಳಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಈಚೆಗೆ ಈ ಸೀಮೆಯ ಅನೇಕ ಮನೆಗಳ ಮುಂದೆ ಟ್ರಾಕ್ಟರಿನ ಪಕ್ಕದಲ್ಲಿ ಕಾರೂ ನಿಂತಿರುವುದುಂಟು. ಹೊಸ ಕಾರುಗಳ ಸ್ಟೀರಿಂಗ್ ಚಕ್ರದ ಮೇಲೆ ಒಂದು ಸಣ್ಣ ಗುಂಡಿಯಿರುತ್ತದೆ. ಹೊಸಕೋಟೆಯನ್ನು ಬಿಟ್ಟಮೇಲೆ ಅದನ್ನು ಒತ್ತಿದರೆ, ಕಾಲನ್ನು ಆಕ್ಸಿಲರೇಟರಿನಿಂದ ತೆಗೆದರೂ ಗಾಡಿಯು ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಇದಕ್ಕೆ ಕ್ರೂಸ್ ಕಂಟ್ರೋಲ್ ಎಂದು ಹೆಸರು. ಇದನ್ನು ಕಂಡು ಕೆಲವರು ಹೆದರಿ ಮುಟ್ಟುವುದೇ ಇಲ್ಲ. ಮತ್ತೆ ಕೆಲವರು ಗಾಡಿಯೇ ತನ್ನನ್ನು ತಾನು ನಡೆಸಿಕೊಳ್ಳುವುದೆಂದು ನಂಬಿ ಮೈಮರೆಯುತ್ತಾರೆ. ಎರಡೂ ತಪ್ಪು. ಈ ಸಾಧನವು ಯಾವುದನ್ನು ಅರಿಯುತ್ತದೆ, ಯಾವುದನ್ನು ಅರಿಯಲಾರದು ಎಂಬುದನ್ನು ಕಾರಿನ ಯಜಮಾನನಂತೆಯೇ, ಅದೇ ರಸ್ತೆಯಲ್ಲಿ ರಾತ್ರಿಯ ಹೊತ್ತು ರಾಗಿಹುಲ್ಲಿನ ಟ್ರೇಲರನ್ನು ಎಳೆದುಕೊಂಡು ಹೋಗುವ ಟ್ರಾಕ್ಟರಿನ ಯಜಮಾನನೂ ತಿಳಿದಿರುವುದು ಅವಶ್ಯಕ.

ವಾಸ್ತವವಾಗಿ ಇದರ ಮೂಲತತ್ತ್ವವು ರೈತನಿಗೆ ಕಾರು ಬರುವುದಕ್ಕೆ ಮೊದಲೇ ಪರಿಚಿತವಾದದ್ದು. ಉಳುವಾಗ ಯಾರೂ ಕಾಲಿನಿಂದ ರೇಸನ್ನು ಒತ್ತುತ್ತ ಕುಳಿತುಕೊಳ್ಳುವುದಿಲ್ಲ. ಕೈಯ ಹಿಡಿಯನ್ನು ಒಂದು ಸ್ಥಾನಕ್ಕೆ ಎಳೆದು ಬಿಡುತ್ತಾರೆ. ನೇಗಿಲು ಮೆತ್ತನೆಯ ಮಣ್ಣಿನಿಂದ ಗಟ್ಟಿ ನೆಲಕ್ಕೆ ಬಂದಾಗ ಇಂಜನ್ನಿನ ಶಬ್ದ ಒಂದು ಕ್ಷಣ ಕುಗ್ಗಿ, ಹೊಗೆಯು ಕೊಂಚ ಕಪ್ಪಾಗಿ, ಮತ್ತೆ ಮೊದಲಿನಂತೆಯೇ ನಡೆಯುತ್ತದೆ. ಹಿಡಿಯನ್ನು ಯಾರೂ ಮುಟ್ಟಿರುವುದಿಲ್ಲ. ಹೆಚ್ಚಿನ ಎಣ್ಣೆಯನ್ನು ಕೊಟ್ಟದ್ದು ಗವರ್ನರ್ ಎಂಬ ಭಾಗ.

ಅದರ ರಚನೆ ಸರಳವಾದುದು. ಡೀಸೆಲ್ ಪಂಪಿನ ಒಳಗೆ ಇಂಜನ್ನಿನೊಡನೆ ತಿರುಗುವ ತೂಕದ ತುಂಡುಗಳಿರುತ್ತವೆ. ವೇಗ ಹೆಚ್ಚಿದಂತೆ, ಬೀಸುವ ಕವಣೆಯ ಕಲ್ಲಿನ ಹಾಗೆ, ಅವು ಹೊರಕ್ಕೆ ಎಳೆಯುತ್ತವೆ. ಒಂದು ಸ್ಪ್ರಿಂಗು ಅವುಗಳನ್ನು ಒಳಕ್ಕೆ ಒತ್ತುತ್ತದೆ. ತೂಕಗಳು ಹೊರಕ್ಕೆ ಸರಿದರೆ ಎಣ್ಣೆ ಕಡಿಮೆಯಾಗುವಂತೆಯೂ, ಒಳಕ್ಕೆ ಸರಿದರೆ ಎಣ್ಣೆ ಹೆಚ್ಚುವಂತೆಯೂ ಪಂಪಿನ ದಂಡವನ್ನು ಜೋಡಿಸಿರುತ್ತದೆ. ಕೈಯ ಹಿಡಿಯು ನೇರವಾಗಿ ಎಣ್ಣೆಯನ್ನು ಬಿಡುವುದಿಲ್ಲ. ಅದು ಸ್ಪ್ರಿಂಗನ್ನು ಬಿಗಿ ಮಾಡುತ್ತದೆ, ಅಷ್ಟೆ. ಎಂದರೆ ಚಾಲಕನು ಕೊಡುವುದು ಎಣ್ಣೆಯ ಅಳತೆಯನ್ನಲ್ಲ, ಬೇಕಾದ ವೇಗವನ್ನು. ಎಣ್ಣೆಯ ಅಳತೆಯನ್ನು ಯಂತ್ರವೇ ಹುಡುಕಿಕೊಳ್ಳುತ್ತದೆ. ಕ್ರೂಸ್ ಕಂಟ್ರೋಲಿನ ತಿರುಳೂ ಇಷ್ಟೇ.

ಈ ಉಪಾಯದ ಮೂಲವೂ ಕೃಷಿಗೆ ದೂರವಾದದ್ದಲ್ಲ. ಯೂರೋಪಿನ ಗಾಳಿಯಂತ್ರಗಳಲ್ಲಿ ಬೀಸುವ ಕಲ್ಲುಗಳ ನಡುವಣ ಸಂದನ್ನು ಸರಿಪಡಿಸುವುದಕ್ಕೆ ತಿರುಗುವ ಗುಂಡುಗಳನ್ನು ಬಳಸುತ್ತಿದ್ದರು. 1788ರಲ್ಲಿ ಜೇಮ್ಸ್ ವಾಟ್ ಎಂಬಾತನು ಅದನ್ನು ಉಗಿಯಂತ್ರಕ್ಕೆ ಅಳವಡಿಸಿದನು. ನಮ್ಮ ದೇಶದಲ್ಲಿ ಡೀಸೆಲ್ ಪಂಪುಗಳ ತಯಾರಿಕೆಗೆ ಹೆಸರಾದದ್ದು 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆಯನ್ನು ನಡೆಸಿದ ಮೈಕೋ ಸಂಸ್ಥೆ. ಇಂದು ಅದಕ್ಕೆ ಬಾಷ್ ಎಂದು ಹೆಸರಿದ್ದರೂ ಹಳ್ಳಿಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ. ಲಾರಿಯ ಪಂಪಿಗೂ ಟ್ರಾಕ್ಟರಿನ ಪಂಪಿಗೂ ಒಂದು ಭೇದವಿದೆ. ಲಾರಿಗಳಿಗೆ ಸಾಮಾನ್ಯವಾಗಿ ಹಾಕುತ್ತಿದ್ದ ಗವರ್ನರು ಇಂಜನ್ನು ನಿಂತುಹೋಗದಂತೆ ಕೆಳಗಿನ ಮಿತಿಯನ್ನೂ, ಕೈಮೀರದಂತೆ ಮೇಲಿನ ಮಿತಿಯನ್ನೂ ಮಾತ್ರ ಕಾಯುತ್ತಿತ್ತು. ನಡುವಣ ವೇಗವೆಲ್ಲವೂ ಚಾಲಕನ ಕಾಲಿಗೆ ಸೇರಿದ್ದು. ಟ್ರಾಕ್ಟರಿನ ಗವರ್ನರಾದರೋ ಹಿಡಿಯನ್ನು ಇಟ್ಟ ಯಾವ ವೇಗವನ್ನಾದರೂ ಕಾಯತಕ್ಕದ್ದು. ಆದುದರಿಂದ ಕಾರಿಗೆ ಬಹಳ ತಡವಾಗಿ ಬಂದ ಅನುಕೂಲವು ಟ್ರಾಕ್ಟರಿಗೆ ಮೊದಲಿನಿಂದಲೂ ಇತ್ತೆನ್ನಬಹುದು.

ಆದರೆ ತೂಕ ಮತ್ತು ಸ್ಪ್ರಿಂಗಿನ ಗವರ್ನರಿಗೆ ಎರಡು ಕುಂದುಗಳಿವೆ. ಮೊದಲನೆಯದು, ಭಾರ ಬಿದ್ದಾಗ ಅದು ವೇಗವನ್ನು ಪೂರ್ತಿಯಾಗಿ ಹಿಂದಕ್ಕೆ ತರಲಾರದು. ಹೆಚ್ಚು ಎಣ್ಣೆ ಬರಬೇಕಾದರೆ ತೂಕಗಳು ಸ್ವಲ್ಪ ಒಳಕ್ಕೆ ಸರಿದೇ ಇರಬೇಕು. ಅವು ಒಳಗಿರಬೇಕಾದರೆ ವೇಗ ಸ್ವಲ್ಪ ಕಡಿಮೆಯಾಗಿಯೇ ಇರಬೇಕು. ಭಾರವಿಲ್ಲದೆ ನಿಮಿಷಕ್ಕೆ 2,200 ಸುತ್ತು ತಿರುಗುವ ಇಂಜನ್ನು ಪೂರ್ಣ ಭಾರದಲ್ಲಿ ಸುಮಾರು 2,000 ಸುತ್ತಿಗೆ ಇಳಿಯುವುದು ಈ ಕಾರಣದಿಂದಲೇ, ಅದು ರೋಗವಲ್ಲ. ಎರಡನೆಯದು, ಕೀಲುಗಳು ಸವೆದಿದ್ದರೆ ಇಂಜನ್ನು ಒಂದೇ ಸಮನಾಗಿ ನಿಲ್ಲದೆ ಏರುತ್ತ ಇಳಿಯುತ್ತ ಏದುಸಿರು ಬಿಡುವಂತೆ ಓಡುತ್ತದೆ. ವೇಗ ತಗ್ಗಿತೆಂದು ಎಣ್ಣೆ ಹೆಚ್ಚುವಷ್ಟರಲ್ಲಿ ತಡವಾಗಿ, ವೇಗ ಮಿತಿಯನ್ನು ಮೀರುತ್ತದೆ. ಮೀರಿತೆಂದು ಎಣ್ಣೆ ಕಡಿಮೆಯಾಗುವಷ್ಟರಲ್ಲಿ ಮತ್ತೆ ತಗ್ಗಿರುತ್ತದೆ. ಇದು ಬರಿಯ ಮೆಕ್ಯಾನಿಕ್ಕಿನ ತಲೆನೋವಲ್ಲ. 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನಂಥ ಮಹಾವಿಜ್ಞಾನಿಯೇ ಗವರ್ನರುಗಳ ಈ ಚಾಂಚಲ್ಯವನ್ನು ಕುರಿತು ಗಣಿತದ ಪ್ರಬಂಧವನ್ನು ಬರೆದನು.

ಕಾರಿಗೆ ಈ ಸಾಧನವನ್ನು ಹೊಂದಿಸಿದ ರಾಲ್ಫ್ ಟೀಟರ್ ಎಂಬ ಅಮೆರಿಕದ ಇಂಜನಿಯರು ಐದನೆಯ ವಯಸ್ಸಿನಲ್ಲಿ ಅಪಘಾತದಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡವನು. ಕಾರಿನಲ್ಲಿ ಅವನು ಪ್ರಯಾಣಿಕನಾಗಿಯೇ ಸಾಗುತ್ತಿದ್ದನು. ಅವನ ವಕೀಲನು ಕಾರನ್ನು ನಡೆಸುವಾಗ, ತಾನು ಮಾತಾಡುತ್ತಿದ್ದರೆ ನಿಧಾನವಾಗಿಯೂ, ಕೇಳುತ್ತಿದ್ದರೆ ವೇಗವಾಗಿಯೂ ಓಡಿಸುತ್ತಿದ್ದನೆಂದೂ, ಆ ಜಗ್ಗಾಟವನ್ನು ತಾಳಲಾರದೆ ಟೀಟರನು ಈ ಕೆಲಸಕ್ಕೆ ಕೈಹಾಕಿದನೆಂದೂ ಹೇಳುತ್ತಾರೆ. ಕಣ್ಣಿದ್ದವರು ಗಮನಿಸದ ಏರಿಳಿತವನ್ನು ಕಣ್ಣಿಲ್ಲದವನ ಮೈ ಗಮನಿಸಿತು. 1950ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಕಂಪೆನಿಯ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದಿತು. ಆ ಹಳೆಯ ಮಾದರಿಗಳಲ್ಲಿ ವೇಗವನ್ನು ಅಳೆಯುತ್ತಿದ್ದುದು ಟ್ರಾಕ್ಟರಿನಲ್ಲಿರುವಂತೆಯೇ ತಿರುಗುವ ತೂಕಗಳು. ಮುಂದೆ ಬಂದ ಅನೇಕ ಗಾಡಿಗಳಲ್ಲಿ ಪೆಟ್ರೋಲ್ ಇಂಜನ್ನು ಗಾಳಿಯನ್ನು ಹೀರುವಾಗ ಉಂಟಾಗುವ ಸೆಳೆತವನ್ನೇ ಒಂದು ರಬ್ಬರಿನ ಪೊರೆಗೆ ತಾಗಿಸಿ, ಆ ಪೊರೆಯು ಸರಪಳಿಯ ಮೂಲಕ ಥ್ರಾಟಲನ್ನು ಎಳೆಯುವಂತೆ ಮಾಡಿದ್ದರು.

ಇಂದಿನ ಕಾರುಗಳಲ್ಲಿ ತೂಕವೂ ಇಲ್ಲ, ಸರಪಳಿಯೂ ಇಲ್ಲ. ಚಕ್ರದ ಬಳಿ ಹಲ್ಲುಗಳುಳ್ಳ ಒಂದು ಉಂಗುರವಿರುತ್ತದೆ. ಒಂದೊಂದು ಹಲ್ಲು ದಾಟಿದಾಗಲೂ ಎದುರಿನ ಸಂವೇದಕದಲ್ಲಿ ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ. ಉಂಗುರಕ್ಕೆ 48 ಹಲ್ಲುಗಳಿದ್ದು, ಚಕ್ರದ ಸುತ್ತಳತೆ 1.9 ಮೀಟರ್ ಇದ್ದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 560 ಮಿಡಿತಗಳಾಗುತ್ತವೆ. ಕಾರಿನ ಗಣಕವು ಇವನ್ನು ಎಣಿಸಿ, ನಿಜವಾದ ವೇಗವನ್ನು ಚಾಲಕನು ಗೊತ್ತುಪಡಿಸಿದ ವೇಗದೊಡನೆ ಹೋಲಿಸುತ್ತದೆ. ವ್ಯತ್ಯಾಸ ಕಂಡರೆ ಪೆಟ್ರೋಲ್ ಗಾಡಿಯಲ್ಲಿ ಸಣ್ಣ ಮೋಟಾರಿನಿಂದ ಥ್ರಾಟಲಿನ ಕವಾಟವನ್ನು ತಿರುಗಿಸುತ್ತದೆ. ಡೀಸೆಲ್ ಗಾಡಿಯಲ್ಲಿ ಚಿಮ್ಮಿಸುವ ಎಣ್ಣೆಯ ಅಳತೆಯನ್ನು ಬದಲಿಸುತ್ತದೆ.

ಎಷ್ಟು ಬದಲಿಸಬೇಕೆಂಬ ಲೆಕ್ಕದಲ್ಲಿಯೇ ಇದರ ಜಾಣತನವಿರುವುದು. ಕೃಷ್ಣರಾಜಪುರದಿಂದ ಮುಂದೆ ರಸ್ತೆಯ ಪಕ್ಕಕ್ಕೇ ಎಲೆ ಮಲ್ಲಪ್ಪ ಶೆಟ್ಟಿಯ ಕೆರೆ ಕಾಣುತ್ತದೆ. ಈ ಸೀಮೆಯ ಕೆರೆಗಳಿಗೆ ಹಿಂದೆ ನೀರುಗಂಟಿಗಳಿದ್ದರು. ತೂಬನ್ನು ಎಷ್ಟು ಎತ್ತಬೇಕೆಂಬುದನ್ನು ಒಳ್ಳೆಯ ನೀರುಗಂಟಿಯು ಮೂರು ವಿಷಯಗಳಿಂದ ನಿರ್ಧರಿಸುತ್ತಿದ್ದನು. ಕಾಲುವೆಯ ನೀರು ಈಗ ಎಷ್ಟು ಕಡಿಮೆಯಿದೆಯೋ ಅದಕ್ಕೆ ತಕ್ಕಂತೆ ತೂಬನ್ನು ಎತ್ತುವನು. ಎತ್ತಿದ ಮೇಲೂ ಕೊರತೆ ಹಾಗೆಯೇ ಉಳಿದರೆ, ಕೊರತೆ ಅಲ್ಪವಾದರೂ ಬಹಳ ಹೊತ್ತಿನಿಂದ ಇದೆಯೆಂದು ಇನ್ನೂ ಸ್ವಲ್ಪ ಎತ್ತುವನು. ನೀರು ಭರದಿಂದ ಏರುತ್ತಿರುವುದು ಕಂಡರೆ, ಗುರುತನ್ನು ಮುಟ್ಟುವ ಮೊದಲೇ ಇಳಿಸತೊಡಗುವನು. ಕಾರಿನ ಗಣಕವೂ ಈ ಮೂರನ್ನು ಸೆಕೆಂಡಿಗೆ ಅನೇಕ ಸಲ ಮಾಡುತ್ತದೆ. ಹಳೆಯ ಗವರ್ನರಿಗೆ ತಿಳಿದಿದ್ದುದು ಮೊದಲನೆಯದು ಮಾತ್ರ. ಉಳಿದುಹೋದ ಕೊರತೆಯನ್ನು ಕೂಡಿಸುತ್ತ ಹೋಗುವ ಎರಡನೆಯ ಲೆಕ್ಕದಿಂದ ವೇಗವು ಭಾರವಿದ್ದರೂ ಗುರುತಿಗೇ ಬಂದು ನಿಲ್ಲುತ್ತದೆ. ಏರುವಿಕೆಯ ಭರವನ್ನು ನೋಡುವ ಮೂರನೆಯದರಿಂದ ಏದುಸಿರಿನ ಓಟ ತಪ್ಪುತ್ತದೆ.

ಒಂದು ಏರನ್ನು ಹತ್ತುವಾಗ ನಡೆಯುವ ಕೆಲಸವನ್ನು ಅಂಕಿಗಳಲ್ಲಿ ನೋಡಬಹುದು. ಜನರೂ ಸಾಮಾನೂ ಸೇರಿ 1,500 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ನೂರು ಮೀಟರಿಗೆ 4 ಮೀಟರಿನಂತೆ ಏರುವ ದಿಬ್ಬ ಎದುರಾದರೆ, ವೇಗವನ್ನು ಬಿಡದೆ ಹತ್ತುವುದಕ್ಕೆ ಸುಮಾರು 13 ಕಿಲೋವಾಟ್, ಎಂದರೆ 17 ಕುದುರೆಶಕ್ತಿಗೂ ಮೀರಿದ ಶಕ್ತಿಯು ಹೆಚ್ಚಾಗಿ ಬೇಕು. ಗದ್ದೆಯಲ್ಲಿ ಓಡಾಡುವ ಸಾಮಾನ್ಯ ಪವರ್ ಟಿಲ್ಲರಿನ ಪೂರ್ಣ ಶಕ್ತಿಯೂ ಅಷ್ಟಿರುವುದಿಲ್ಲ. ಕಾಲು ತಾನಾಗಿ ಒತ್ತಿ ಕೊಡುತ್ತಿದ್ದ ಈ ಶಕ್ತಿಯನ್ನು ಗಣಕವು ಸದ್ದಿಲ್ಲದೆ ಕೊಡುತ್ತದೆ. ಎಣ್ಣೆಯ ಉಳಿತಾಯವಾಗುವುದೇ ಎಂದು ಕೇಳುವವರುಂಟು. ಸಮತಟ್ಟಾದ ರಸ್ತೆಯಲ್ಲಿ ವೃಥಾ ಏರಿಳಿತ ತಪ್ಪುವುದರಿಂದ ಕೊಂಚ ಉಳಿಯುತ್ತದೆ. ಆದರೆ ಗಾಳಿಯ ತಡೆಯು ವೇಗದ ವರ್ಗದಂತೆ ಹೆಚ್ಚುವುದರಿಂದ, 80ರ ಬದಲು 100ಕ್ಕೆ ಗುರುತಿಟ್ಟರೆ ಆ ತಡೆ ಒಂದೂವರೆಯಷ್ಟಕ್ಕೂ ಮೀರುತ್ತದೆ. ಹಾಗೆ ಗುರುತಿಟ್ಟವನಿಗೆ ಉಳಿತಾಯದ ಮಾತು ಸಲ್ಲದು.

ಬಳಸುವ ಕ್ರಮ ಸುಲಭವಾದುದು. ಸಾಧನವನ್ನು ಜಾಗೃತಗೊಳಿಸಿ, ಬೇಕಾದ ವೇಗವನ್ನು ಮುಟ್ಟಿ, ಸೆಟ್ ಎಂಬ ಗುಂಡಿಯನ್ನು ಒತ್ತತಕ್ಕದ್ದು. ಬ್ರೇಕನ್ನಾಗಲಿ ಕ್ಲಚ್ಚನ್ನಾಗಲಿ ಮುಟ್ಟಿದೊಡನೆ ಸಾಮಾನ್ಯವಾಗಿ ಅದು ಹಿಡಿತವನ್ನು ಬಿಡುತ್ತದೆ. ರೆಸ್ಯೂಮ್ ಗುಂಡಿಯು ಹಿಂದಿನ ಗುರುತಿಗೇ ಗಾಡಿಯನ್ನು ಮತ್ತೆ ಒಯ್ಯುತ್ತದೆ. ಹಿಂದಿನ ಗುರುತು ಎಷ್ಟಿತ್ತೆಂಬುದನ್ನು ಮರೆತು ಕಿರಿದಾದ ರಸ್ತೆಯಲ್ಲಿ ಇದನ್ನು ಒತ್ತಿ, ಗಾಡಿ ಮುನ್ನುಗ್ಗಿದಾಗ ಗಾಬರಿಯಾದವರುಂಟು. ವಾಣಿಜ್ಯದ ಗಾಡಿಗಳಿಗೆ ಕಾನೂನಿನಂತೆ ಹಾಕುವ ಸ್ಪೀಡ್ ಗವರ್ನರನ್ನು ಇದರೊಡನೆ ಬೆರಸಬಾರದು. ಅದು ಗಂಟೆಗೆ 80 ಕಿಲೋಮೀಟರ್ ಮುಂತಾದ ಮಿತಿಯನ್ನು ದಾಟಗೊಡದ ಕಟ್ಟು ಮಾತ್ರ, ವೇಗವನ್ನು ಹಿಡಿದಿಡುವುದಿಲ್ಲ.

ಹಲಸೂರಿನಿಂದ ಇಂದಿರಾನಗರದ ಅಂಚಿನಲ್ಲಿ ಸಾಗಿ ಟಿನ್ ಫ್ಯಾಕ್ಟರಿ, ಕೃಷ್ಣರಾಜಪುರದ ತೂಗುಸೇತುವೆಗಳವರೆಗೆ ಈ ಗುಂಡಿಗೆ ಏನೂ ಕೆಲಸವಿಲ್ಲ. ಅಲ್ಲಿ ಬ್ರೇಕಿನ ಮೇಲಿಂದ ಕಾಲನ್ನು ತೆಗೆಯುವುದೇ ಅಪೂರ್ವ. ಹೊಸಕೋಟೆಯ ಆಚೆಗೆ, ರಸ್ತೆ ತೆರವಾಗಿ ಕಣ್ಣಿಗೆ ದೂರದವರೆಗೆ ಕಾಣುವಲ್ಲಿ, ಹಗಲಿನಲ್ಲಿ ಇದು ಕಾಲಿಗೆ ವಿಶ್ರಾಂತಿಯನ್ನು ಕೊಡುವುದು ನಿಜ. ಆದರೆ ಕಾಲಿಗೆ ದೊರೆತ ವಿಶ್ರಾಂತಿ ಕಣ್ಣಿಗೂ ಇಳಿದು ತೂಕಡಿಕೆಯಾಗುವುದುಂಟು. ಹಿಂದಿನ ರಾತ್ರಿ ನಿದ್ದೆಗೆಟ್ಟು ಮಾರುಕಟ್ಟೆಗೆ ಸರಕನ್ನು ಸಾಗಿಸಿ ಹಿಂದಿರುಗುವವನು ಇದನ್ನು ಮುಟ್ಟದಿರುವುದೇ ಲೇಸು. ಮಳೆಯಲ್ಲಿಯೂ ಹಾಗೆಯೇ: ನಿಂತ ನೀರಿನ ಮೇಲೆ ಚಕ್ರಗಳು ನೆಲದ ಹಿಡಿತವನ್ನು ಕಳೆದುಕೊಂಡಾಗ ಚಾಲಕನ ಕಾಲು ತಾನಾಗಿ ರೇಸನ್ನು ಬಿಡುತ್ತದೆ, ಈ ಸಾಧನವಾದರೋ ಜಾರಿಕೆಯ ಅರಿವಾಗಿ ಹಿಡಿತವನ್ನು ಬಿಡುವವರೆಗೂ ಶಕ್ತಿಯನ್ನು ಕೊಡುತ್ತಲೇ ಇರಬಹುದು. ಇದೇ ಹೆದ್ದಾರಿಯು ಬೆಂಗಳೂರಿನ ಪಶ್ಚಿಮಕ್ಕೆ ಹೋಗಿ ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಅಂಥ ಇಳಿಜಾರಿನಲ್ಲಿ ಸಾಮಾನ್ಯ ಕ್ರೂಸ್ ಕಂಟ್ರೋಲು ಎಣ್ಣೆಯನ್ನು ನಿಲ್ಲಿಸಬಲ್ಲದೇ ಹೊರತು ಅನೇಕ ಗಾಡಿಗಳಲ್ಲಿ ಬ್ರೇಕನ್ನು ಹಾಕಲಾರದು. ಗಾಡಿಯು ತನ್ನ ಭಾರದಿಂದಲೇ ಗುರುತನ್ನು ಮೀರಿ ಓಡುತ್ತದೆ.

ಇನ್ನು ಮುಂದಿನ ಗಾಡಿಯನ್ನು ನೋಡಿ ತಾನೇ ವೇಗವನ್ನು ತಗ್ಗಿಸುವ ಬಗೆಯೊಂದಿದೆ. ಅದಕ್ಕೆ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಎನ್ನುತ್ತಾರೆ. ಜಪಾನಿನ ಮಿತ್ಸುಬಿಷಿ ಕಂಪೆನಿಯು 1995ರಲ್ಲಿ ಇದನ್ನು ಲೇಸರ್ ಬೆಳಕಿನ ಸಹಾಯದಿಂದ ಹೊರತಂದಿತು. ನಮ್ಮ ದೇಶದಲ್ಲಿ 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700ರ ಕೆಲವು ಮಾದರಿಗಳಲ್ಲಿಯೂ ಇದುಂಟು. ಕಾರಿನ ಮುಖಭಾಗದಲ್ಲಿರುವ ರೇಡಾರು ಸೆಕೆಂಡಿಗೆ ಸುಮಾರು 7,700 ಕೋಟಿ ಕಂಪನಗಳುಳ್ಳ ತರಂಗವನ್ನು ಹೊರಡಿಸಿ ಮರುದನಿಯನ್ನು ಆಲಿಸುತ್ತದೆ. 150 ಮೀಟರ್ ದೂರದ ಗಾಡಿಯಿಂದ ಮರುದನಿ ಬರುವುದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಸಾಕು. ಮರುದನಿ ತಡವಾದಷ್ಟೂ ದೂರ ಹೆಚ್ಚು. ಅದರ ಕಂಪನದಲ್ಲಿ ಕಂಡ ಬದಲಾವಣೆಯಿಂದ ಮುಂದಿನ ಗಾಡಿ ಸಮೀಪಿಸುತ್ತಿದೆಯೋ ದೂರವಾಗುತ್ತಿದೆಯೋ ತಿಳಿಯುತ್ತದೆ.

ಟ್ರಾಕ್ಟರಿನ ಯಜಮಾನನಿಗೆ ಬೇಕಾದ ಸಂಗತಿ ಇಲ್ಲಿದೆ. ಓಡುವ ಕಾರಿನ ರೇಡಾರಿಗೆ ಸೂಚನಾಫಲಕ, ಸೇತುವೆಯ ಕಬ್ಬಿಣ, ರಸ್ತೆಯ ಬೇಲಿ ಎಲ್ಲವೂ ಒಂದೇ ವೇಗದಲ್ಲಿ ಎದುರು ಬರುವಂತೆ ತೋರುತ್ತವೆ. ಅವಕ್ಕೆಲ್ಲ ಬ್ರೇಕು ಹಾಕುತ್ತ ಹೋದರೆ ಗಾಡಿ ಮುಂದೆ ಸಾಗಲಾರದಾದುದರಿಂದ, ನಿಂತಿರುವ ವಸ್ತುಗಳ ಮರುದನಿಯನ್ನು ಬಹುಮಟ್ಟಿಗೆ ಅಲಕ್ಷ್ಯ ಮಾಡುವಂತೆ ಇಂಥ ಅನೇಕ ಸಾಧನಗಳನ್ನು ರೂಪಿಸಿದೆ. ರಸ್ತೆಯ ಮೇಲೆ ಕೆಟ್ಟು ನಿಂತ ಟ್ರೇಲರೂ ಆ ಗುಂಪಿಗೆ ಸೇರಿಹೋಗಬಹುದು. ಕ್ಯಾಮರಾ ಉಳ್ಳ ಹೊಸ ಗಾಡಿಗಳು ಕಾರು ಲಾರಿಗಳ ಹಿಂಭಾಗವನ್ನು ಚೆನ್ನಾಗಿ ಗುರುತಿಸಬಲ್ಲುವು. ಆದರೆ ನಾಲ್ಕು ಕಡೆಗೂ ರಾಗಿಹುಲ್ಲು ಇಳಿಬಿದ್ದು ಆಕಾರವೇ ಕಾಣದ ಟ್ರೇಲರನ್ನು ಕತ್ತಲಲ್ಲಿ ಹಾಗೆ ಗುರುತಿಸುವುವೆಂದು ನೆಚ್ಚುವಂತಿಲ್ಲ. ಒಣಹುಲ್ಲು ಲೋಹದಷ್ಟು ಚೆನ್ನಾಗಿ ತರಂಗವನ್ನು ಹಿಂದಿರುಗಿಸುವುದೂ ಇಲ್ಲ. ಸಾಮಾನ್ಯ ಕ್ರೂಸ್ ಕಂಟ್ರೋಲಿಗಂತೂ ಏನೂ ಕಾಣದು. ಅದಕ್ಕೆ ತಿಳಿದಿರುವುದು ತನ್ನ ಚಕ್ರದ ಸುತ್ತುಗಳು ಮಾತ್ರ.

ಹೀಗಿರುವಲ್ಲಿ ಕೊನೆಗೆ ಉಳಿಯುವುದು ಚಾಲಕನ ಕಣ್ಣು. ಗಂಟೆಗೆ 100 ಕಿಲೋಮೀಟರಿಗೆ ಗುರುತಿಟ್ಟ ಕಾರು, 20 ಕಿಲೋಮೀಟರಿನಲ್ಲಿ ಸಾಗುವ ದೀಪವಿಲ್ಲದ ಟ್ರೇಲರನ್ನು ಸೆಕೆಂಡಿಗೆ 22 ಮೀಟರಿನಂತೆ ಸಮೀಪಿಸುತ್ತದೆ. ತಗ್ಗಿಸಿದ ದೀಪದ ಬೆಳಕಿನಲ್ಲಿ ಅದು 60 ಮೀಟರ್ ದೂರದಲ್ಲಿ ಕಂಡಿತೆನ್ನೋಣ. ಕಂಡು, ತಿಳಿದು, ಕಾಲನ್ನು ಬ್ರೇಕಿಗೆ ತರುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದು 33 ಮೀಟರ್ ಮುಗಿದಿರುತ್ತದೆ. ಉಳಿದ 27 ಮೀಟರಿನೊಳಗೆ ಕಾರಿನ ವೇಗವು ಟ್ರಾಕ್ಟರಿನ ವೇಗಕ್ಕೆ ಇಳಿಯಬೇಕು. ಒಳ್ಳೆಯ ಬ್ರೇಕಿಗೂ ಒಣರಸ್ತೆಯಲ್ಲಿ ಸುಮಾರು 35 ಮೀಟರ್ ಬೇಕು. ಟ್ರೇಲರಿನ ಹಿಂದೆ ಕೆಂಪು, ಮಗ್ಗುಲಿಗೆ ಹಳದಿ ಹೊಳೆಯುವ ಪಟ್ಟಿಗಳಿದ್ದರೆ ಅದೇ ಬೆಳಕು ಹಿಂದಿರುಗಿ ಬಹಳ ಮುಂಚಿತವಾಗಿಯೇ ಕಾಣುತ್ತದೆ. ಪಟ್ಟಿಯು ರೇಡಾರಿಗೆ ನೆರವಾಗದು, ಕಣ್ಣಿಗೆ ಮಾತ್ರ. ಆದುದರಿಂದ ಹುಲ್ಲನ್ನು ಹೇರುವಾಗ ಪಟ್ಟಿಯೂ ದೀಪವೂ ಮುಚ್ಚಿಹೋಗದಂತೆ, ಬೇಕಾದರೆ ಹಗ್ಗದ ಮೇಲೆಯೇ ಇನ್ನೊಂದು ಪ್ರತಿಫಲಕವನ್ನು ಕಟ್ಟುವುದು ಯುಕ್ತ.

ಗಾಡಿಯು ದಾರಿಯಲ್ಲಿ ಕೆಟ್ಟರೆ ಡಾಂಬರನ್ನು ಬಿಟ್ಟು ಸಂಪೂರ್ಣವಾಗಿ ಮಣ್ಣಿಗಿಳಿಸತಕ್ಕದ್ದು. ಇಳಿಸಲಾಗದಿದ್ದರೆ ಹೊಳೆಯುವ ತ್ರಿಕೋಣವನ್ನು ಹಿಂದೆ ಹತ್ತು ಹೆಜ್ಜೆಯಲ್ಲಿ ಇಟ್ಟು ಪ್ರಯೋಜನವಿಲ್ಲ. 100 ಕಿಲೋಮೀಟರ್ ವೇಗದ ಕಾರು ನಿಲ್ಲುವುದಕ್ಕೆ ಯೋಚನೆಯ ಕಾಲವೂ ಸೇರಿ ಸುಮಾರು 97 ಮೀಟರ್ ಬೇಕಾಗುವುದರಿಂದ, ಅದು ನೂರು ಮೀಟರಿಗೂ ಹಿಂದೆ ಇರಬೇಕು. ತ್ರಿಕೋಣವಿಲ್ಲದವರು ದಪ್ಪ ಕಲ್ಲುಗಳನ್ನೂ ಸೊಪ್ಪಿನ ಕೊಂಬೆಗಳನ್ನೂ ಅಡ್ಡಲಾಗಿ ಇಡುವುದು ರೂಢಿಯಲ್ಲಿದೆ. ರಿಪೇರಿ ಮುಗಿದ ಮೇಲೆ ಕಲ್ಲುಗಳನ್ನು ಹಾಗೆಯೇ ಬಿಟ್ಟು ಹೋಗುವುದೂ ಅಷ್ಟೇ ರೂಢಿ. ರಾತ್ರಿ ಅದೇ ಹಾದಿಯಲ್ಲಿ ಬರುವ ಕಾರಿನ ರೇಡಾರು ಅಂಗೈಯಗಲದ ಕಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟ್ರಾಕ್ಟರನ್ನು ಹತ್ತುವ ಮೊದಲು ಅವನ್ನು ಎತ್ತಿ ಚರಂಡಿಯ ಆಚೆಗೆ ಹಾಕತಕ್ಕದ್ದು.